ಕಾಲಿಗೆ ಗಾಲಿ ಕೊಟ್ಟರು, ಕೈಯನ್ನು ಕೇಳುವವರಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಬಂದಿತ್ತು. ಹಾಕಿಕೊಂಡರೆ ತಾನೇ ಮುಷ್ಟಿ ಕಟ್ಟುವ ಮೋಟಾರ್ ಗ್ಲೌಸು. ಫೋಟೋ ಚೆನ್ನಾಗಿತ್ತು. ಆ ದಿನ ಬೆಳಿಗ್ಗೆ ತಿಂಡಿ ಆಗುವುದರೊಳಗೆ ನಾಲ್ಕು ಫೋನ್ ಬಂತು. "ಪೇಪರ್ ನೋಡಿದ್ಯಾ? ನಿಮ್ಮ ಯಜಮಾನರಿಗೆ ಆಗುತ್ತೆ ಅಲ್ವಾ?" ಅಂತ. ನಾಲ್ಕು ಸಲ ಹೇಳಿ ಸುಸ್ತಾಯಿತು. ಅದಕ್ಕೇ ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳೋಣ ಅಂತ ಈ ಪತ್ರ.

ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಬೇಡಿ. ಹೇಳುವುದು ನಾನು, ಬರೆಯುವುದು ಯಜಮಾನರು. ಅವರು ಮಡಚಬೇಕು ಅಂದರೂ ಬೆರಳು ಒಂದೂ ಮಡಚುವುದಿಲ್ಲ. ಅಂಗೈಗೆ ಕಟ್ಟಿದ ಪಟ್ಟಿಯ ಕಿಸೆಯಲ್ಲಿ ಪೆನ್ನು ಸಿಕ್ಕಿಸಿದೆ, ಭುಜದಿಂದ ಬರೆಯುತ್ತಾರೆ. ದಿನಕ್ಕೆ ಒಂದು ಪುಟ. ಜಾಸ್ತಿ ಆದರೆ ಭುಜ ಹಿಡಿದುಕೊಳ್ಳುತ್ತದೆ. ಆದ್ದರಿಂದ ಈ ಪತ್ರಕ್ಕೆ ಒಂದು ವಾರಕ್ಕಿಂತ ಹೆಚ್ಚೇ ಹಿಡಿಯಬಹುದು. ಅಷ್ಟರಲ್ಲಿ ನಿಮ್ಮ ಸುದ್ದಿ ಹಳೆಯದಾಗಿರುತ್ತದೆ, ನಮ್ಮದು ಹಳೆಯದಾಗುವ ವಿಷಯ ಅಲ್ಲ.

ನಾನು ಶಿರಸಿ ಹತ್ತಿರದ ಒಂದು ಊರಲ್ಲಿ ಟೇಲರ್. ರವಿಕೆ, ಚೂಡಿದಾರ್, ಶಾಲೆ ಯೂನಿಫಾರ್ಮ್. ಮಾರಿಜಾತ್ರೆ ಬರುವ ವರ್ಷ ರಾತ್ರಿ ಹನ್ನೊಂದರವರೆಗೂ ಮಷೀನ್ ಓಡುತ್ತದೆ. ಯಜಮಾನರು ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವವರಾಗಿದ್ದರು. ಒಂದು ಅಡಿಕೆ ಮರದ ತುದಿಯಿಂದ ಇಳಿಯದೆ ಪಕ್ಕದ ಮರಕ್ಕೆ ತೂಗಿಕೊಂಡು ದಾಟುತ್ತಾರಲ್ಲ, ಆ ಕೆಲಸ. ನೋಡುವವರಿಗೆ ಆಟ. ನಾನು ಮದುವೆಯಾದ ಮೇಲೆ ಒಂದು ಸಲ ನೋಡಿದೆ, ಮತ್ತೆ ತೋಟಕ್ಕೆ ಹೋಗಲಿಲ್ಲ.

2018ರ ಆಷಾಢ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಹೊಡೆಯುತ್ತಿದ್ದರು. ಮಳೆ ಬಿಟ್ಟ ಒಂದು ಗಂಟೆ ಹೊತ್ತಿನಲ್ಲಿ ಮುಗಿಸಬೇಕು, ಮರ ಪಾಚಿ ಹಿಡಿದು ಜಾರುತ್ತಿತ್ತು. ಬಿದ್ದರು. ಬಿದ್ದವರನ್ನು ಎತ್ತಿ ಕೂರಿಸಿ, ನೀರು ಕುಡಿಸಿ, ಜೀಪಿನಲ್ಲಿ ಕೂರಿಸಿಕೊಂಡೇ ಕರೆತಂದರು. ಕುತ್ತಿಗೆಗೆ ಪೆಟ್ಟಾದವರನ್ನು ಹಾಗೆ ಎತ್ತಬಾರದು, ಹಲಗೆ ಮೇಲೆ ಕುತ್ತಿಗೆ ಅಲ್ಲಾಡದ ಹಾಗೆ ಮಲಗಿಸಿ ತರಬೇಕು ಅಂತ ಆಮೇಲೆ ತಿಳಿಯಿತು. ಎತ್ತಿದವರೆಲ್ಲ ಒಳ್ಳೆಯ ಮನಸ್ಸಿನವರೇ, ಅವರನ್ನು ದೂರುವುದಿಲ್ಲ. ಈಗ ನೆಲದ ಮೇಲೆ ನಿಂತೇ ಕೊಯ್ಯುವ, ಮದ್ದು ಹೊಡೆಯುವ ಉದ್ದದ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದನ್ನು ನೋಡಿದಾಗೆಲ್ಲ ಇವರು ಸುಮ್ನೆ ಬೇರೆ ಕಡೆ ತಿರುಗುತ್ತಾರೆ.

(ಇದನ್ನು ಬರೆಯಲ್ಲ ಅಂದರು. ಬರೆಸಿದೆ.)

ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟು. ಚೀಟಿಯಲ್ಲಿ ಸಿ6 ಅಂತ ಬರೆದಿದ್ದಾರೆ. ಹಾಗಂದರೆ ಏನು ಅಂತ ನನಗೆ ಅರ್ಥ ಆದದ್ದು ಹೀಗೆ: ಭುಜ ಆಡುತ್ತದೆ, ಮೊಣಕೈ ಮಡಚುತ್ತದೆ, ಮಣಿಕಟ್ಟನ್ನು ಹಿಂದಕ್ಕೆ ಎತ್ತಬಹುದು. ಬೆರಳು ಇಲ್ಲ. ಎದೆಯಿಂದ ಕೆಳಗೆ ಇಲ್ಲ. ಹೆಬ್ಬೆರಳ ಕಡೆ ಮುಟ್ಟಿದರೆ ಗೊತ್ತಾಗುತ್ತದೆ, ಕಿರುಬೆರಳ ಕಡೆ ಗೊತ್ತಾಗುವುದಿಲ್ಲ.

ಮನೆಗೆ ಬಂದ ಮೇಲೆ ಎಲ್ಲರ ಚಿಂತೆ ಕಾಲಿನದು. ನಡೀತಾರಾ, ಯಾವಾಗ ನಡೀತಾರೆ. ಕೈ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಬೆರಳು ಒಳಕ್ಕೆ ಮಡಚಿಕೊಳ್ಳಲು ಶುರುವಾಯಿತು. ನೋಡಿದವರೆಲ್ಲ "ಅಯ್ಯೋ, ಹೀಗೇ ಬಿಟ್ಟರೆ ಸೆಟೆದುಹೋಗುತ್ತೆ" ಅಂದರು. ಎಣ್ಣೆ ತಿಕ್ಕುವವರೊಬ್ಬರನ್ನು ಕರೆಸಿದೆವು. ದಿನಾ ಬಂದು ಎಡಗೈ ಬೆರಳುಗಳನ್ನು ಬಿಡಿಸಿ, ಮಣಿಕಟ್ಟನ್ನೂ ಹಿಂದಕ್ಕೆ ಬಾಗಿಸಿ, ರೊಟ್ಟಿ ತಟ್ಟಿದ ಹಾಗೆ ಹಾಸಿ ಎಳೆಯುತ್ತಿದ್ದರು. ಅವರಿಲ್ಲದ ದಿನ ನಾನು. ನನ್ನ ಕೈಯಿಂದಲೇ ಎಳೆದಿದ್ದೇನೆ. ಬಲಗೈ ಮಾತ್ರ ಉಳಿಯಿತು, ಯಾಕೆಂದರೆ ಬಿದ್ದಾಗ ಆ ಮುಂಗೈ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದರು. ಪ್ಲಾಸ್ಟರ್ ತೆಗೆದ ಮೇಲೂ ಮತ್ತೆ ಮುರಿದೀತು ಅಂತ ಹೆದರಿ ಯಾರೂ ಮುಟ್ಟಲಿಲ್ಲ.

ಏಳು ತಿಂಗಳ ಮೇಲೆ ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಗೆ ಬೆನ್ನ ಹುಣ್ಣು ತೋರಿಸಲು ಹೋದೆವು. ಅಲ್ಲಿ ಒಬ್ಬಳು ಹುಡುಗಿ ಇದ್ದಳು. ನರ್ಸ್ ಅಂದುಕೊಂಡಿದ್ದೆ. ಅಲ್ಲ, ಆಕ್ಯುಪೇಷನಲ್ ಥೆರಪಿಸ್ಟ್. ಆ ಕೆಲಸ ಅಂತ ಒಂದು ಇದೆ ಅನ್ನುವುದೇ ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಫಿಸಿಯೋಥೆರಪಿ ಅಂದರೆ ಗೊತ್ತು, ಇದು ಬೇರೆ. ಉಣ್ಣುವುದು, ಹಲ್ಲುಜ್ಜುವುದು, ಬರೆಯುವುದು, ಗುಂಡಿ ಹಾಕುವುದು, ಇಂಥ ದಿನದ ಕೆಲಸಗಳಿಗೆ ಕೈಯನ್ನು ತಯಾರು ಮಾಡುವವರು.

ಅವಳು ಇವರ ಎರಡೂ ಕೈ ಹಿಡಿದು ನೋಡಿದಳು. ಬಲಗೈಯ ಮಣಿಕಟ್ಟು ಎತ್ತಿ ಅಂದಳು. ಎತ್ತಿದರು. ಬೆರಳುಗಳು ನಿಧಾನಕ್ಕೆ ಒಳಗೆ ಮಡಚಿದವು, ಹೆಬ್ಬೆರಳು ಬಂದು ತೋರುಬೆರಳ ಬದಿಗೆ ಒರಗಿತು. ಅವಳ ಪೆನ್ಸಿಲ್ ಅಲ್ಲಿಟ್ಟಳು, ನಿಂತಿತು! ಎಡಗೈ ಎತ್ತಿ ಅಂದಳು. ಎತ್ತಿದರು. ಬೆರಳು ಹಾಗೇ ಜೋತುಬಿದ್ದಿತ್ತು. "ಇದನ್ನು ಯಾರು ಎಳೆದರು?" ಅಂತ ಕೇಳಿದಳು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ.

ಇದಕ್ಕೆ ಟೆನೋಡೆಸಿಸ್ ಅಂತ ಹೆಸರು. ನನ್ನ ಬಾಯಲ್ಲಿ ಬರಲು ಒಂದು ವಾರ ಹಿಡಿಯಿತು. ನೀವೇ ನೋಡಬಹುದು. ಮೊಣಕೈ ಮೇಜಿಗೆ ಊರಿ, ಕೈ ಪೂರ್ತಿ ಸಡಿಲ ಬಿಡಿ. ಮಣಿಕಟ್ಟು ಮುಂದಕ್ಕೆ ಬಾಗಿದರೆ ಬೆರಳು ಬಿಚ್ಚಿಕೊಳ್ಳುತ್ತದೆ. ಹಿಂದಕ್ಕೆ ಎತ್ತಿದರೆ ತಾನಾಗಿ ಮಡಚುತ್ತದೆ. ಬೆರಳಿನ ನರ ಸತ್ತಿದ್ದರೂ ಇದು ನಡೆಯುತ್ತದೆ. ಯಾಕೆಂದರೆ ಮುಂಗೈಯಿಂದ ಬೆರಳ ತುದಿಯವರೆಗೆ ಹೋಗುವ ಸ್ನಾಯುವಿನ ಹುರಿಗಳ ಉದ್ದ ಅಷ್ಟೇ. ಮಣಿಕಟ್ಟಿನಲ್ಲಿ ಎಳೆದರೆ ತುದಿಯಲ್ಲಿ ಸೇರಿಕೊಳ್ಳಬೇಕು. ನನ್ನ ಭಾಷೆಯಲ್ಲಿ ಹೇಳುವುದಾದರೆ ಲಂಗದ ಲಾಡಿ. ಲಾಡಿ ಎಳೆದರೆ ನೆರಿಗೆ ಕೂಡುತ್ತದೆ. ಎಲಾಸ್ಟಿಕ್ಕನ್ನು ದಿನಾ ಹಿಗ್ಗಿಸಿ ಹಿಗ್ಗಿಸಿ ಸಡಿಲ ಮಾಡಿದ ಲಂಗ ಎಷ್ಟು ಎಳೆದರೂ ನಿಲ್ಲುವುದಿಲ್ಲ. ಎಡಗೈಗೆ ನಾವು ಮಾಡಿದ್ದು ಅದನ್ನೇ.

ಇದನ್ನು ದಯವಿಟ್ಟು ಹಾಕಿ, ಬೇರೆ ಏನು ಕತ್ತರಿಸಿದರೂ ಪರವಾಗಿಲ್ಲ. ಕುತ್ತಿಗೆಗೆ ಪೆಟ್ಟಾಗಿ, ಮಣಿಕಟ್ಟು ಆಡುತ್ತಾ ಬೆರಳು ಆಡದವರ ಮನೆಯಲ್ಲಿ ಬೆರಳು ಬಿಡಿಸುವುದಾದರೆ ಮಣಿಕಟ್ಟು ಮುಂದಕ್ಕೆ ಬಾಗಿರಬೇಕು. ಮಣಿಕಟ್ಟು ಹಿಂದಕ್ಕೆ ಎತ್ತುವುದಾದರೆ ಬೆರಳು ಮಡಚಿರಬೇಕು. ಎರಡನ್ನೂ ಒಟ್ಟಿಗೆ ಹಾಸಿ ಎಳೆಯಬಾರದು. ಮಂಚದಿಂದ ಕುರ್ಚಿಗೆ ಸರಿಯುವಾಗಲೂ ಅಂಗೈ ಹರವಿ ಊರಬಾರದು, ಬೆರಳು ಮಡಚಿಕೊಂಡು ಊರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಈ ನಾಲ್ಕು ಸಾಲು ಯಾರಾದರೂ ಬರೆದಿದ್ದರೆ ನಮಗೆ ಎರಡು ಕೈ ಉಳಿಯುತ್ತಿತ್ತು.

ಆಮೇಲೆ ಅಭ್ಯಾಸ. ಆ ಹುಡುಗಿ ಮರದ ಗುಂಡು, ಚೌಕ ಎತ್ತಿಡಿ ಅಂದಿದ್ದಳು. ನಮ್ಮನೆಯಲ್ಲಿ ಗುಂಡು ಎಲ್ಲಿಂದ, ಅಡಿಕೆ ಇದೆ. ಮೊದಲು ಸುಲಿಯದ ಒಣ ಅಡಿಕೆ. ದೊಡ್ಡದು, ಸಿಪ್ಪೆ ಒರಟು, ಹಿಡಿತ ಸಿಗುತ್ತದೆ. ಮಣಿಕಟ್ಟು ಬಾಗಿಸಿ ಬೆರಳು ಬಿಡಿಸಿ, ಅಡಿಕೆ ಮೇಲೆ ಇಳಿಸಿ, ಮಣಿಕಟ್ಟು ಎತ್ತಿ. ಈ ಬುಟ್ಟಿಯಿಂದ ಆ ಬುಟ್ಟಿಗೆ. ಮೊದಲ ದಿನ ಅರ್ಧ ಗಂಟೆಯಲ್ಲಿ ಹನ್ನೊಂದು. ಎರಡು ತಿಂಗಳಿಗೆ ಸಿಪ್ಪೆ ಸುಲಿದ ಅಡಿಕೆಗೆ, ಅಂದರೆ ಚಾಲಿಗೆ, ಬಂದರು. ಚಾಲಿ ನುಣುಪು, ಜಾರುತ್ತದೆ, ಬೈಯುತ್ತಾರೆ, ಮತ್ತೆ ಎತ್ತುತ್ತಾರೆ. "ಮರದ ಮೇಲಿದ್ದಾಗ ಒಂದು ಗೊನೆ ಕೈ ತಪ್ಪಿದರೆ ಧಣಿ ಬೈಯ್ತಿದ್ದ, ಈಗ ನಾನೇ ಬೈಕೊಳ್ತೀನಿ ಮಾರಾಯ್ತಿ" ಅಂದರು ಒಂದು ದಿನ. ಬಿದ್ದ ಮೇಲೆ ಅವರು ಮೊದಲ ಸಲ ತಮಾಷೆ ಮಾಡಿದ್ದು.

ಆದರೆ ಈ ಹಿಡಿತಕ್ಕೆ ಬಲ ಕಡಿಮೆ. ಅಡಿಕೆ ಎತ್ತುತ್ತದೆ, ಚಮಚ ಹಿಡಿದು ಹತ್ತು ನಿಮಿಷ ಉಣ್ಣಲು ಸಾಲದು. ಅದಕ್ಕೆ ಬೇಕಾದದ್ದು ಕೈಪಟ್ಟಿ. ಆಸ್ಪತ್ರೆಯವರು ಯೂನಿವರ್ಸಲ್ ಕಫ್ ಅನ್ನುತ್ತಾರೆ. ಏನೂ ಇಲ್ಲ, ಅಂಗೈ ಸುತ್ತ ಬರುವ ಒಂದು ಪಟ್ಟಿ, ಅಂಗೈ ಒಳಬದಿಗೆ ಒಂದು ಕಿಸೆ. ಕಿಸೆಯಲ್ಲಿ ಚಮಚವೋ ಬ್ರಷ್ಷೋ ಬಾಚಣಿಗೆಯೋ ಸಿಕ್ಕಿಸಿದರೆ ಬೆರಳಿಗೆ ಕೆಲಸವೇ ಇಲ್ಲ.

ಆನ್‌ಲೈನಿನಲ್ಲಿ ಒಂದು ತರಿಸಿದೆವು, ರೂ. 450. ದೊಡ್ಡದಾಯಿತು. ಇವರ ಅಂಗೈ ಮರ ಹತ್ತಿ ಅಗಲವಾಗಿದ್ದದ್ದು, ಈಗ ಸ್ನಾಯು ಕರಗಿ ತೆಳ್ಳಗಾಗಿದೆ. ಒಳಗೆ ರೆಕ್ಸಿನ್ ಬೇರೆ, ಬೆವರು. ಬಿಚ್ಚಿ ನೋಡಿದೆ. ಇಷ್ಟೇನಾ ಅನ್ನಿಸಿತು. ನವಾರು ಪಟ್ಟಿ, ವೆಲ್ಕ್ರೋ, ಒಂದು ಕಿಸೆ. ಶಾಲೆ ಬ್ಯಾಗ್ ರಿಪೇರಿ ಮಾಡುವವಳಿಗೆ ಇದೇನು ಮಹಾ?

ಮಹಾ ಅಂತ ಆಮೇಲೆ ಗೊತ್ತಾಯಿತು. ಮೊದಲನೆಯದನ್ನು ರವಿಕೆ ಹೊಲಿದ ಹಾಗೆ ಹೊಲಿದೆ, ಜೋಡಣೆ ಒಳಗೆ, ಹೊರಗೆ ನೀಟು. ಕಟ್ಟಿಕೊಂಡು ಎರಡು ದಿನ ಖುಷಿಯಲ್ಲಿ ಉಂಡರು. ಮೂರನೇ ದಿನ ಬಿಚ್ಚಿದರೆ ಕಿರುಬೆರಳ ಕೆಳಗೆ ಚರ್ಮ ಕಿತ್ತು ರಕ್ತ. ಅವರಿಗೆ ಗೊತ್ತೇ ಆಗಿರಲಿಲ್ಲ. ಆ ಕಡೆ ಸ್ಪರ್ಶ ಇಲ್ಲವಲ್ಲ. ವಾಸಿ ಆಗಲು ಮೂರು ವಾರ. ಫೋನಿನಲ್ಲಿ ಆ ಹುಡುಗಿಗೆ ಹೇಳಿದರೆ ಬೈಯಲಿಲ್ಲ, ಒಂದು ಕಥೆ ಹೇಳಿದಳು. ವೆಲ್ಲೂರಿನಲ್ಲಿ 1948ರ ಹೊತ್ತಿಗೆ ಪಾಲ್ ಬ್ರ್ಯಾಂಡ್ ಅನ್ನುವ ಡಾಕ್ಟರು ಕುಷ್ಠದಿಂದ ಮಡಚಿಹೋದ ಕೈಗಳಿಗೆ ಆಪರೇಷನ್ ಮಾಡಲು ಶುರು ಮಾಡಿದರಂತೆ. ಬೆರಳು ಹಾಳಾಗುವುದಕ್ಕೆ ದೊಡ್ಡ ಕಾರಣ ನೋವು ಗೊತ್ತಾಗದೆ ಇರುವುದು, ಬಿಸಿ ಪಾತ್ರೆ, ಒರಟು ಹಿಡಿಕೆ, ಗಾಯದ ಮೇಲೆ ಗಾಯ, ಅಂತ ಜಗತ್ತಿಗೆ ತೋರಿಸಿಕೊಟ್ಟವರು ಅವರಂತೆ. "ನೋವಿಲ್ಲದ ಕೈಗೆ ಕಣ್ಣೇ ನೋವು ಅಕ್ಕಾ, ದಿನಾ ನೋಡಿ" ಅಂದಳು. ಈಗ ಬೆಳಿಗ್ಗೆ ಸಂಜೆ ಪಟ್ಟಿ ಬಿಚ್ಚಿ ಲೈಟಿನ ಕೆಳಗೆ ಅಂಗೈ ನೋಡುತ್ತೇನೆ. ಕೆಂಪಾಗಿದ್ದು ಇಪ್ಪತ್ತು ನಿಮಿಷದಲ್ಲಿ ಇಳಿಯದಿದ್ದರೆ ಆ ದಿನ ಪಟ್ಟಿಗೆ ರಜೆ. ರಾತ್ರಿ ಕಟ್ಟುವುದೇ ಇಲ್ಲ.

ಎರಡನೆಯದರಲ್ಲಿ ಹೊಲಿಗೆ ಎಲ್ಲಾ ಹೊರಗೆ. ಒಳಗೆ ಹಳೇ ಪಂಚೆಯ ಮೆತ್ತನೆ ಬಟ್ಟೆ ಎರಡು ಮಡಿಕೆ. ನೋಡಲು ಉಲ್ಟಾ ಹಾಕಿದ ಅಂಗಿ ತರ. ಮೂರನೆಯದರಲ್ಲಿ ಇನ್ನೊಂದು ತೊಂದರೆ ಸರಿ ಮಾಡಿದೆ: ಪಟ್ಟಿ ಕಟ್ಟಲು ನಾನೇ ಬೇಕಿತ್ತು. ಕೈಗೆ ಸಹಾಯ ಮಾಡುವ ಸಾಮಾನು ಹಾಕಿಕೊಳ್ಳಲು ಇನ್ನೊಬ್ಬರ ಕೈ ಬೇಕಾದರೆ ಏನು ಬಂತು? ಬ್ಯಾಗಿನ ಡಿ ರಿಂಗ್ ಹಾಕಿ, ಪಟ್ಟಿಯ ತುದಿಗೆ ಎಡಗೈ ಹೆಬ್ಬೆರಳು ತೂರುವಷ್ಟು ದೊಡ್ಡ ಕುಣಿಕೆ ಇಟ್ಟೆ. ಈಗ ಕುಣಿಕೆಗೆ ಹೆಬ್ಬೆರಳು ತೂರಿಸಿ ಎಳೆಯುತ್ತಾರೆ, ಹಲ್ಲಿನಿಂದ ಒತ್ತುತ್ತಾರೆ. ಬಿಚ್ಚುವುದಕ್ಕೆ ಹಲ್ಲೊಂದೇ ಸಾಕು.

ಚರ್ಮದಲ್ಲೂ ಮಾಡಿಸಿ ನೋಡಿದೆ, ಪೇಟೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ. ಬೇಸಿಗೆಯಲ್ಲಿ ಅದರಷ್ಟು ಚಂದ ಯಾವುದೂ ಇಲ್ಲ. ಜೂನ್ ಬಂತು, ಬೂಷ್ಟು ಹಿಡಿಯಿತು. ನಮ್ಮ ಮಳೆಗೆ ನವಾರೇ ಸರಿ, ಒಲೆ ಮೇಲಿನ ಅಟ್ಟದಲ್ಲಿ ಒಂದು ರಾತ್ರಿಗೆ ಒಣಗುತ್ತದೆ. ವೆಲ್ಕ್ರೋದಲ್ಲಿ ನೂಲು ಸಿಕ್ಕಿ ಹಿಡಿತ ಬಿಡುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದರೆ ಮತ್ತೆ ಸರಿ.

ಚಮಚದ ಕಥೆ ಬೇರೆ. ಕಿಸೆಯಲ್ಲಿಟ್ಟರೆ ಚಮಚ ಅಡ್ಡ ಹೋಗುತ್ತದೆ, ಬಾಯಿ ಬೇರೆ ಕಡೆ. ಕುತ್ತಿಗೆಯಲ್ಲಿ ಬಾಗಿಸಬೇಕು. ಮನೆಯ ದಪ್ಪ ಚಮಚ ಬಾಗಲಿಲ್ಲ. ಹೋಟೆಲ್ಲಿನ ತೆಳು ಸ್ಟೀಲ್ ಚಮಚ ಬೆರಳಲ್ಲೇ ಬಾಗುತ್ತದೆ. ಸಾರು ಅನ್ನಕ್ಕೆ ಅಂಚು ಎತ್ತರದ ತಟ್ಟೆ ಬೇಕು, ಇಲ್ಲದಿದ್ದರೆ ಅನ್ನ ತಳ್ಳಿಕೊಂಡು ಹೋಗಿ ನೆಲಕ್ಕೆ. ಹಬ್ಬದ ದಿನ ಅದೇ ತಟ್ಟೆಯೊಳಗೆ ಬಾಳೆಎಲೆ ಹಾಸುತ್ತೇನೆ.

ಇಷ್ಟೆಲ್ಲ ಮಾಡಿದರೆ ಇವರಿಗೆ ಚಮಚ ಬೇಡವೇ ಬೇಡ. "ಚಮಚದಲ್ಲಿ ಉಣ್ಣೋದು ಆಸ್ಪತ್ರೆ ಊಟ" ಅಂತ ಒಂದು ತಿಂಗಳು ಹಟ. ಕೊನೆಗೆ ಬಾಯಿ ಬಿಟ್ಟರು. ಅವರಿಗೆ ಬೇಕಿದ್ದದ್ದು ಕವಳ, ಅಂದರೆ ಎಲೆ ಅಡಿಕೆ. ನಮ್ಮ ಕಡೆ ಗೊತ್ತಲ್ಲ, ಯಾರು ಬಂದರೂ ಮೊದಲು ಕವಳದ ಹರಿವಾಣ ಮುಂದೆ ಬರುತ್ತದೆ. ಜಗಲಿಯಲ್ಲಿ ನಾಲ್ಕು ಜನ ಕೂತಾಗ ಎಲ್ಲರೂ ಅವರವರ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾರೆ, ಇವರಿಗೆ ಮಾತ್ರ ಹೆಂಡತಿ ಮಷೀನ್ ಬಿಟ್ಟು ಬಂದು ಬಾಯಿಗೆ ಇಡಬೇಕು. ಅದು ಅವರಿಗೆ ಊಟಕ್ಕಿಂತ ದೊಡ್ಡ ಸಂಕಟ ಆಗಿತ್ತು. ನನಗೆ ತಿಳಿದಿರಲೇ ಇಲ್ಲ.

(ಕವಳ ಬಾಯಿಗೆ ಒಳ್ಳೆಯದಲ್ಲ, ಕ್ಯಾನ್ಸರ್ ತರುತ್ತದೆ ಅಂತ ಗೊತ್ತು. ಅದನ್ನು ಬರೆದು ಯಾರೂ ಉತ್ತರ ಹಾಕಬೇಡಿ. ಎಂಟಿದ್ದದ್ದು ಈಗ ದಿನಕ್ಕೆ ಮೂರು.)

ಒಂದು ಹಲಗೆ ಮೇಲೆ ಗೋಣಿ ತುಂಡು ಅಂಟಿಸಿದೆ, ಎಲೆ ಜಾರಬಾರದಲ್ಲ. ಸುಣ್ಣದ ಡಬ್ಬಿಗೆ ಹಲಗೆಯಲ್ಲೇ ಒಂದು ಗುಳಿ. ಕೈಪಟ್ಟಿಗೆ ಐಸ್‌ಕ್ರೀಮ್ ಕಡ್ಡಿ. ಕಡ್ಡಿಯಿಂದ ಸುಣ್ಣ ತೆಗೆದು ಎಲೆಗೆ ಸವರುತ್ತಾರೆ. ಆಮೇಲೆ ಹಲ್ಲಿನಿಂದ ಕಡ್ಡಿ ಎಳೆದು ಬಿಸಾಡಿ, ಮಣಿಕಟ್ಟು ಎತ್ತಿ ಅಡಿಕೆ ಹೋಳು ಹಿಡಿದು ಎಲೆ ಮೇಲೆ ಹಾಕುತ್ತಾರೆ. ಚಾಲಿ ಎತ್ತಿ ಎತ್ತಿ ಕಲಿತದ್ದು ಇಲ್ಲಿ ಬಂತು. ಎಲೆ ಮಡಚಲು ಬರುವುದಿಲ್ಲ, ಕೈ ಬದಿಯಿಂದ ಉರುಳಿಸಿ ಸುರುಳಿ ಮಾಡುತ್ತಾರೆ. ಮೊದಲ ಕವಳಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಸುಣ್ಣ ಜಾಸ್ತಿ ಆಗಿ ನಾಲಿಗೆ ಸುಟ್ಟುಕೊಂಡರು. ಆ ರಾತ್ರಿ ಚಮಚದಲ್ಲಿ ಉಂಡರು, ತಕರಾರಿಲ್ಲದೆ.

ಈಗ ಬರೆಯುವುದಕ್ಕೆ ಒಂದು, ಮೊಬೈಲಿಗೆ ಒಂದು ಪಟ್ಟಿ ಇದೆ. ಮೊಬೈಲ್ ಒತ್ತಲು ರಬ್ಬರ್ ತುದಿಯ ಕಡ್ಡಿ ಸಿಗುತ್ತದೆ. ಕಿಸೆಯನ್ನು ಓರೆಯಾಗಿ ಹೊಲಿದರೆ ಅದು ನೇರ ಕೆಳಗೆ ಮುಖ ಮಾಡುತ್ತದೆ. ಅಂಗಡಿ ಲೆಕ್ಕ, ಗಿರಾಕಿಗಳ ಅಳತೆ ಪುಸ್ತಕ, ಫೋನ್‌ಪೇ ಎಲ್ಲಾ ಅವರದೇ ಖಾತೆ. ಬಾಕಿ ಇಟ್ಟವರಿಗೆ ಮೆಸೇಜ್ ಹಾಕುವುದರಲ್ಲಿ ನನಗಿಂತ ಗಟ್ಟಿ.

ಇನ್ನು ನಿಮ್ಮ ಗ್ಲೌಸಿಗೆ ಬರುತ್ತೇನೆ. ಮಗ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದ. ಸ್ವೀಡನ್ನಿನ ಬಯೋಸರ್ವೋ ಕಂಪನಿಯ ಕಾರ್ಬನ್‌ಹ್ಯಾಂಡ್ ಅಂತ ಒಂದಿದೆ. ಬೆರಳ ತುದಿಯಲ್ಲಿ ಸೆನ್ಸರ್, ಬೆರಳ ಗುಂಟ ತೆಳು ಹುರಿ, ಮೈಮೇಲೆ ಒಂದು ಡಬ್ಬಿಯಲ್ಲಿ ಮೋಟಾರು ಬ್ಯಾಟರಿ. ನಾಸಾ ಮತ್ತು ಜನರಲ್ ಮೋಟರ್ಸ್ ಸೇರಿ 2011ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ ರೋಬೊನಾಟ್ ಅನ್ನುವ ರೋಬಾಟಿನ ಕೆಲಸದಿಂದ ಇನ್ನೊಂದು ಗ್ಲೌಸು ಹುಟ್ಟಿತಂತೆ, ಅದರ ಹಕ್ಕನ್ನು 2016ರಲ್ಲಿ ಇದೇ ಸ್ವೀಡನ್ನಿನವರು ಪಡೆದರಂತೆ. ಓದಲು ಚೆನ್ನಾಗಿದೆ. ಆದರೆ ಅದು ಕೆಲಸ ಮಾಡಲು ಬೆರಳು ಮೊದಲು ತಾನೇ ಸ್ವಲ್ಪ ಒತ್ತಬೇಕು. ಒತ್ತಿದ್ದನ್ನು ಸೆನ್ಸರ್ ಹಿಡಿದು ಬಲ ಸೇರಿಸುತ್ತದೆ. ಹಿಡಿತ ಸಡಿಲಾದವರಿಗೆ ಸರಿ. ಇವರ ಬೆರಳು ಒತ್ತುವುದೇ ಇಲ್ಲವಲ್ಲ. ಅಮೆರಿಕದ ಮೈಯೋಪ್ರೊ ಅನ್ನುವ ಸಾಧನ ತೋಳಿನ ಚರ್ಮದ ಮೇಲಿಂದ ಸ್ನಾಯುವಿನ ಸಣ್ಣ ಕರೆಂಟ್ ಓದುತ್ತದೆ, ಅದಕ್ಕೂ ಸ್ನಾಯು ಏನಾದರೂ ಹೇಳಬೇಕು. ಕೊರಿಯಾದ ನಿಯೋಮ್ಯಾನೊ ಅನ್ನುವ ಗ್ಲೌಸಿಗೆ ಮಾತ್ರ ರಿಮೋಟ್ ಗುಂಡಿ, ಇನ್ನೊಂದು ಕೈಯಲ್ಲಿ ಒತ್ತಿದರೆ ಮೂರು ಬೆರಳು ಮುಚ್ಚುತ್ತದೆ. ಹಿಡಿಯದ ಕೈಗಳಲ್ಲಿ ನೂರು ತರ ಇದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ನಿಮ್ಮ ಸುದ್ದಿಯಲ್ಲಿ ಎಲ್ಲ ಕೈಗೂ ಒಂದೇ ಗ್ಲೌಸು ಅನ್ನುವ ಹಾಗಿತ್ತು. ಮಳೆಗಾಲದಲ್ಲಿ ನಮ್ಮೂರಲ್ಲಿ ಮೂರು ಮೂರು ದಿನ ಕರೆಂಟ್ ಇರುವುದಿಲ್ಲ ಅನ್ನುವುದನ್ನು ಬೇರೆ ಹೇಳುವುದಿಲ್ಲ.

ಬಾಯಿಂದ ಬಾಯಿಗೆ ಹೋಗಿ ಈಗ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅಂಕೋಲಾ ಕಡೆಯಿಂದ ಒಬ್ಬ ಮೀನುಗಾರರು ಬಂದಿದ್ದರು. ಮಣಿಕಟ್ಟಿನ ಹತ್ತಿರ ಕತ್ತಿ ತಾಗಿ ನರ ಕಡಿದು ಹೆಬ್ಬೆರಳು ಬಲ ಬಿಟ್ಟಿತ್ತು. ಬಲೆ ಕಟ್ಟುವ ಸೂಜಿ ನಿಲ್ಲುವ ಹಾಗೆ ಒಂದು ಪಟ್ಟಿ ಬೇಕಿತ್ತು. ಮೂರು ಸಲ ಬಿಚ್ಚಿ ಹೊಲಿದೆ, ಉಪ್ಪುನೀರಿಗೆ ಕಬ್ಬಿಣದ ರಿಂಗ್ ತುಕ್ಕು ಹಿಡಿಯಿತು, ಪ್ಲಾಸ್ಟಿಕ್ ಹಾಕಿದೆ. ಸಂಧಿವಾತದ ಅಜ್ಜಿಯರಿಗೆ ಪಟ್ಟಿಯೇ ಬೇಡ, ಸೌಟಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರೆ ಸಾಕಾಗುತ್ತದೆ. ಲಕ್ವ ಹೊಡೆದವರನ್ನು ಮಾತ್ರ ನಾನು ವಾಪಸ್ ಕಳಿಸುತ್ತೇನೆ. ಅವರಲ್ಲಿ ಎಷ್ಟೋ ಜನರ ಕೈ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಅವರಿಗೆ ಹಿಡಿಸುವ ಪಟ್ಟಿ ಅಲ್ಲ, ಬಿಡಿಸುವ ಉಪಾಯ ಬೇಕು. ಅದು ನೋಡಿ ತಿಳಿಯುವವರ ಕೆಲಸ, ಟೇಲರ್ ಕೆಲಸ ಅಲ್ಲ. ಒಬ್ಬರು ಸಿಟ್ಟಾಗಿ ಹೋದರು. ನಾನು ಒಂದು ಎಡಗೈ ಕೆಡಿಸಿದವಳು, ಎರಡನೆಯದಕ್ಕೆ ಕೈ ಹಾಕುವುದಿಲ್ಲ.

ಹಾಗಾದರೆ ನೋಡಿ ತಿಳಿಯುವವರು ಎಲ್ಲಿ? ಅದೇ ನನ್ನ ತಕರಾರು. ದೊಡ್ಡ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆ ವರ್ಷಗಟ್ಟಲೆ ಕೂಗಿದೆ, ನಾವೂ ಕೂಗಿದವರೇ. ಪೆಟ್ಟಾದರೆ ಹುಬ್ಬಳ್ಳಿ, ಮಣಿಪಾಲ, ಇಲ್ಲವೇ ಗೋವಾ. ಅದು ಆಗಬೇಕು, ಆಗಲಿ. ಆದರೆ ಒಂದು ಕೈ ನೋಡಿ "ಇದನ್ನು ಎಳೆಯಬೇಡಿ" ಅನ್ನಲು ಏಳು ಮಹಡಿ ಕಟ್ಟಡ ಬೇಕಾಗಿಲ್ಲ. ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಒಂದು ಮೇಜು, ಎರಡು ಕುರ್ಚಿ.

ಶಿಬಿರಕ್ಕೂ ಹೋಗಿದ್ದೆವು. ಸಾಧನ ಸಲಕರಣೆ ವಿತರಣೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ನೋಡಿದರು, ಕಾಲು ನೋಡಿದರು, ತ್ರಿಚಕ್ರ ಸೈಕಲ್ ಕೊಟ್ಟರು. ಕೈಯಲ್ಲಿ ಹಿಡಿದು ತಿರುಗಿಸುವ ಸೈಕಲ್! "ಇವರಿಗೆ ಕೈ ಹಿಡಿಯಲ್ಲ ಸರ್" ಅಂದೆ. "ಲಿಸ್ಟಿನಲ್ಲಿ ಕೈಗೆ ಏನೂ ಇಲ್ಲಮ್ಮ, ಇದನ್ನಾದರೂ ತಗೊಳ್ಳಿ" ಅಂದರು. ಫೋಟೋ ಆಯಿತು. ಆ ಸೈಕಲ್ ಮೇಲೆ ಈಗ ನಮ್ಮ ಕೋಳಿಗಳು ಮಲಗುತ್ತವೆ.

ಲಿಸ್ಟಿನಲ್ಲಿ ಏನೂ ಇಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಅಂಗವಿಕಲರ ಸಾಧನ ತಯಾರಿಸುವ ಕೇಂದ್ರ ಸರ್ಕಾರದ ಅಲಿಮ್ಕೋ, ಕಾನ್ಪುರದ್ದು, ಕುಷ್ಠದಿಂದ ಕೈ ಸೋತವರಿಗೆ ಅಂತ ದಿನಬಳಕೆ ಸಾಮಾನಿನ ಒಂದು ಕಿಟ್ ಮಾಡುತ್ತದೆ. ಅಂಥದೊಂದು ಕಿಟ್ ಮರದಿಂದ ಬಿದ್ದವರಿಗ್ಯಾಕೆ ಬರಬಾರದು? 1995ರ ಕಾನೂನಿನಲ್ಲಿ ಏಳೇ ತರದ ಅಂಗವಿಕಲತೆ ಇತ್ತು, 2016ರ ಕಾನೂನಿನಲ್ಲಿ 21 ಆಯಿತು. ಕಾಗದದಲ್ಲಿ ಹೆಸರು ಜಾಸ್ತಿ ಆದವು, ಶಿಬಿರದ ಲಾರಿಯಲ್ಲಿ ಇಳಿಯುವುದು ಅದೇ ಗಾಲಿ, ಅದೇ ಊರುಗೋಲು.

ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಅಂತ ತೆಗೆದಿಡುವ ಶೇ 5ರ ಹಣ ಇದೆ. ಪ್ರತಿ ಪಂಚಾಯಿತಿಗೆ ಒಬ್ಬ ಪುನರ್ವಸತಿ ಕಾರ್ಯಕರ್ತರು, ವಿಆರ್‌ಡಬ್ಲ್ಯೂ ಅನ್ನುತ್ತಾರಲ್ಲ, ಅವರಿದ್ದಾರೆ. ಪಾಪ, ನಮ್ಮ ವಿಆರ್‌ಡಬ್ಲ್ಯೂ ತಾವೇ ಕೋಲು ಹಿಡಿದು ಮನೆ ಮನೆ ತಿರುಗುತ್ತಾರೆ. ಅವರಿಗೆ ಎರಡು ದಿನ ಕೈ ನೋಡುವುದು, ಅಂಗೈ ಅಳತೆ ತೆಗೆಯುವುದು, ಗಾಯ ಗುರುತಿಸುವುದು ಕಲಿಸಿದರೆ ಸಾಕು. ಥೆರಪಿಸ್ಟ್ ಹೂಂ ಅಂದವರಿಗೆ ಊರಿನ ಟೇಲರ್ ಹೊಲಿದು ಕೊಡಲಿ. ನನ್ನ ಪಟ್ಟಿಗೆ ಸಾಮಾನಿನ ಖರ್ಚು ರೂ. 60 ದಾಟುವುದಿಲ್ಲ. ಒಂದು ಸೈಕಲ್ಲಿನ ದುಡ್ಡಿಗೆ ಎಷ್ಟು ಪಟ್ಟಿ ಆಗುತ್ತದೆ ಅಂತ ಯಜಮಾನರು ಲೆಕ್ಕ ಹಾಕಿದರು, ಬರೆಯಬೇಡಿ ಅಂದೆ.

ಓದುವ ಟೇಲರ್ ಅಕ್ಕಂದಿರಿಗೆ ಅಳತೆ ಕೊಡುತ್ತೇನೆ. ಟೇಪನ್ನು ಗೆಣ್ಣಿನ ಕೆಳಗೆ, ಹೆಬ್ಬೆರಳು ಬಿಟ್ಟು, ಅಂಗೈ ಸುತ್ತ ಹಿಡಿಯಿರಿ. ಅದಕ್ಕೆ ಎರಡೂವರೆ ಇಂಚು ಸೇರಿಸಿ ಪಟ್ಟಿಯ ಉದ್ದ, ಅಗಲ ಒಂದೂವರೆ ಇಂಚು. ರಿಂಗ್ ಕೈಯ ಹಿಂಬದಿಗೆ ಬರಬೇಕು, ಅಂಗೈ ಕಡೆ ಬಂದರೆ ಒತ್ತುತ್ತದೆ. ಕಿಸೆ ಅಂಗೈ ಕಡೆ, ಮೂರು ಇಂಚು ಉದ್ದ, ಬಾಯಿ ಹೆಬ್ಬೆರಳ ಕಡೆಗೆ, ಕಿರುಬೆರಳ ಕಡೆ ಮುಚ್ಚಿ ಹೊಲಿಯಿರಿ. ಜೋಡಣೆ ಎಲ್ಲಾ ಹೊರಗೆ. ಕಟ್ಟಿದ ಮೇಲೆ ನಿಮ್ಮ ಒಂದು ಬೆರಳು ಪಟ್ಟಿಯ ಒಳಗೆ ಸರಾಗ ಹೋಗಬೇಕು. ಮೊದಲ ದಿನ ಅರ್ಧ ಗಂಟೆ ಮಾತ್ರ ಕಟ್ಟಿ, ಬಿಚ್ಚಿ, ಚರ್ಮ ನೋಡಿ. ನಾನು ಮಾದರಿ ಕತ್ತರಿಸುವುದು ಹಳೇ ಪೇಪರಿನಲ್ಲಿ, ಹೆಚ್ಚಾಗಿ ನಿಮ್ಮದರಲ್ಲೇ.

ಹೆಸರು ಹಾಕಬೇಡ ಅಂತ ಯಜಮಾನರು ಹೇಳಿದ್ದಾರೆ. ಎಣ್ಣೆ ತಿಕ್ಕಿದವರು ನಮ್ಮ ಊರಿನವರೇ, ನಿಮ್ಮ ಪೇಪರ್ ಅವರ ಮನೆಗೂ ಬರುತ್ತದೆ.

ಇಂತಿ,
ಒಬ್ಬ ಟೇಲರ್,
ಶಿರಸಿ ತಾಲ್ಲೂಕು